ಹುಡುಗರು ಏಕೆ ನಿಲ್ಲುವುದಿಲ್ಲ?

ನಾಗಪುರದ ಸೀತಾಬರ್ಡಿಯಿಂದ ಧರಮ್‌ಪೇಠದವರೆಗೆ ಯಾವ ಉಡುಪಿ ಹೋಟೆಲಿನ ಗಲ್ಲಾದ ಬಳಿ ನಿಂತರೂ ನಮ್ಮ ಕಿವಿಗೆ ಬೀಳುವ ದೂರು ಒಂದೇ: ಹುಡುಗರು ನಿಲ್ಲುವುದಿಲ್ಲ. ದೀಪಾವಳಿಗೆಂದು ಮುಂಗಡ ಪಡೆದು ಊರಿಗೆ ಹೋದವನು ಮರಳಲಿಲ್ಲ. ನಿನ್ನೆಯವರೆಗೆ ಕಾವಲಿಯ ಮುಂದಿದ್ದವನು ಐನೂರು ರೂಪಾಯಿ ಹೆಚ್ಚಿಗೆ ಎದುರಿನ ಹೋಟೆಲು ಸೇರಿದ. ಧನಿಗಳ ಸಂಕಟ ಸುಳ್ಳಲ್ಲ. ಊಟದ ಹೊತ್ತಿಗೆ ಇಬ್ಬರು ಕಡಿಮೆಯಾದರೆ ಅವರೇ ತೋಳು ಮಡಚಿ ಲೋಟ ತೊಳೆಯಬೇಕಾಗುತ್ತದೆ. ಆದರೆ ಈ ದೂರಿನ ಬೆನ್ನಿಗೇ ಬರುವ, ಈಗಿನವರಿಗೆ ನಿಷ್ಠೆಯಿಲ್ಲವೆಂಬ ತೀರ್ಪನ್ನು ನಾವು ಒಪ್ಪಲಾರೆವು.

ಈ ಉದ್ಯಮವನ್ನು ಕಟ್ಟಿದವರೇ ಬಿಟ್ಟು ಹೋದವರಲ್ಲವೆ? ಮದ್ರಾಸಿನ ಅಡುಗೆಮನೆಯೊಂದರಲ್ಲಿ ಸಹಾಯಕರಾಗಿದ್ದ ಕಡಂದಲೆಯ ಕೃಷ್ಣರಾಯರು ಅಲ್ಲಿಯೇ ನಿಂತಿದ್ದರೆ 1938ರಲ್ಲಿ ವುಡ್‌ಲ್ಯಾಂಡ್ಸ್ ಹುಟ್ಟುತ್ತಿರಲಿಲ್ಲ. ಬಾಲ್ಯದಲ್ಲೇ ಊರು ಬಿಟ್ಟ ರಾಮ ನಾಯಕರು ಮೊದಲ ಧನಿಯ ಪಾತ್ರೆಗಳನ್ನೇ ತೊಳೆಯುತ್ತ ಉಳಿದಿದ್ದರೆ ಮಾಟುಂಗದಲ್ಲಿ 1942ರ ಶ್ರೀಕೃಷ್ಣ ಬೋರ್ಡಿಂಗ್ ಇರುತ್ತಿರಲಿಲ್ಲ. ಅಂದು ಬಿಡುವುದೆಂದರೆ ಏರುವುದು: ಕ್ಲೀನರ್ ಮಾಣಿಯಾಗುತ್ತಿದ್ದ, ಮಾಣಿ ಗಲ್ಲಾಕ್ಕೆ ಬರುತ್ತಿದ್ದ, ದೈವ ಒಲಿದರೆ ಪಾಲುದಾರನೂ ಆಗುತ್ತಿದ್ದ. ಇಂದು ಪೇಟೆಯ ಮಳಿಗೆಯ ಬಾಡಿಗೆ ಕೇಳಿದರೆ ಮಾಣಿಗಿರಲಿ, ಮ್ಯಾನೇಜರಿಗೂ ಎದೆ ಒಡೆಯುತ್ತದೆ. ಕರಾವಳಿಯ ಹುಡುಗರು ಬರುವುದು ವಿರಳವಾಗಿ, ಅವರ ಜಾಗದಲ್ಲಿ ಬಿಹಾರ, ಒಡಿಶಾ, ನೆರೆಯ ಬಾಲಾಘಾಟದ ಹುಡುಗರು ನಿಂತಿದ್ದಾರೆ. ಮೇಲಿನ ಮೆಟ್ಟಿಲು ಮುರಿದಿರುವಲ್ಲಿ ಅವರು ಪಕ್ಕಕ್ಕಲ್ಲದೆ ಇನ್ನೆಲ್ಲಿಗೆ ಸರಿದಾರು?

ಕೆಲಸವಾದರೂ ಎಂಥದು! ಮೇ ತಿಂಗಳಲ್ಲಿ 45 ಡಿಗ್ರಿ ದಾಟುವುದು ಈ ನಗರಕ್ಕೆ ಹೊಸದಲ್ಲ. ಅದರ ಮೇಲೆ ಒಲೆಯ ಉರಿ. ನಸುಕಿನಲ್ಲಿ ಇಡ್ಲಿಯ ಹಬೆಯೊಡನೆ ಎದ್ದವನಿಗೆ ನಡು ಮಧ್ಯಾಹ್ನ ಎರಡು ಗಂಟೆ ಬಿಡುವು, ಮತ್ತೆ ರಾತ್ರಿ ಹನ್ನೊಂದರವರೆಗೆ ದುಡಿಮೆ. ಆ ಬಿಡುವನ್ನು ವಿಶ್ರಾಂತಿಯೆಂದು ಲೆಕ್ಕಕ್ಕೆ ಬರೆಯುತ್ತಾರೆ. ಮಲಗಲು ಮಾತ್ರ ಅಕ್ಕಿಚೀಲಗಳ ನಡುವಣ ನೆಲ. ಮಹಾರಾಷ್ಟ್ರದ ಅಂಗಡಿ ಕಾಯಿದೆ 2017ರಲ್ಲಿ ಹೊಸದಾಗಿ ಬಂದಾಗ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಮೀರಿದ ದುಡಿಮೆಗೆ ಇಮ್ಮಡಿ ಕೂಲಿ ಎಂದು ಬರೆಯಿತು. ಎಷ್ಟು ಅಡುಗೆಮನೆಗಳಿಗೆ ಆ ಕಾಗದ ತಲುಪಿತೆಂಬುದನ್ನು ನಮ್ಮ ಓದುಗರೇ ಬಲ್ಲರು.

ಇನ್ನೊಂದು ಲೆಕ್ಕವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಹತ್ತು ಮಂದಿ ಅಥವಾ ಹೆಚ್ಚು ದುಡಿಯುವಲ್ಲಿ ಐದು ವರ್ಷ ಎಡೆಬಿಡದೆ ನಿಂತವನಿಗೆ, ವರ್ಷಕ್ಕೆ 15 ದಿನದ ವೇತನದಂತೆ ಗ್ರ್ಯಾಚುಯಿಟಿ ಸಲ್ಲಬೇಕೆಂದು 1972ರ ಕಾಯಿದೆ ವಿಧಿಸಿತು. ಎಂಟು ತಿಂಗಳಿಗೊಮ್ಮೆ ಹೋಟೆಲು ಬದಲಿಸುವವನಿಗೆ ಅದು ಎಂದೂ ಕೈಸೇರದು. ಹುಡುಗ ಹೋದನೆಂದು ಮರುಗುವ ಗಲ್ಲಾಕ್ಕೆ ಈ ಉಳಿತಾಯದ ಅರಿವೇ ಇಲ್ಲವೆಂದು ನಾವು ನಂಬೆವು.

ನಮ್ಮ ಗುಮಾಸ್ತ ಮಿತ್ರರೂ ಕಾಫಿ ತಡವಾದಾಗ ಇದೇ ತೀರ್ಪಿಗೆ ತಲೆದೂಗುವುದುಂಟು. ಸಾಹೇಬರನ್ನು ದಿನಕ್ಕೆ ಹತ್ತು ಸಲ ಶಪಿಸಿಯೂ ಅರುವತ್ತು ತುಂಬುವವರೆಗೆ ಅದೇ ಕುರ್ಚಿಯಲ್ಲಿ ಕೂರುವುದು ನಿಷ್ಠೆಯಿಂದಲೊ, ವರ್ಷವರ್ಷದ ಬಡ್ತಿ, ತುಟ್ಟಿಭತ್ಯೆ, ಪಿಂಚಣಿಗಳಿಂದಲೊ? ಅಷ್ಟನ್ನು ಲೋಟ ತೊಳೆಯುವವನಿಗೆ ಕೊಟ್ಟುನೋಡಿದವರಿಲ್ಲ.

ಹೊರಟೇ ತೀರುವವರಿಗೆ ಒಂದು ಮಾತು. ಇಪ್ಪತ್ತು ಮಂದಿಗೆ ಕಡಿಮೆಯಿಲ್ಲದ ಹೋಟೆಲಿನಲ್ಲಿ ಭವಿಷ್ಯನಿಧಿಯ ಖಾತೆ ನಿಮ್ಮ ಹಕ್ಕು. 2014ರಿಂದ ಅದಕ್ಕೆ 12 ಅಂಕಿಗಳ ಒಂದೇ ಸಂಖ್ಯೆ ಇದ್ದು, ಧನಿ ಬದಲಾದರೂ ಅದು ಬದಲಾಗದು. ಗಂಟು ಕಟ್ಟುವ ಮುನ್ನ ಆ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿರಿ.