ಪರೇಲಿನ ಹಳೆಯ ಬಂಗಲೆ

ಪರೇಲ್ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಆಸ್ಪತ್ರೆ. ಊರಿನಲ್ಲಿ ಯಾರಿಗಾದರೂ ದೊಡ್ಡ ರೋಗ ಅಂತ ಗೊತ್ತಾದರೆ, ಹಾಸಿಗೆಯ ಸುರುಳಿಯ ಸಮೇತ ಬಂದಿಳಿಯುವುದು ಕೆ.ಇ.ಎಂ. ಆಸ್ಪತ್ರೆಗೆ, ಇಲ್ಲವೆ ಟಾಟಾ ಆಸ್ಪತ್ರೆಗೆ. ಆದರೆ ಅದೇ ಆಸ್ಪತ್ರೆಗಳ ಮಗ್ಗುಲಲ್ಲಿ, ಆಚಾರ್ಯ ದೋಂದೆ ಮಾರ್ಗದ ಕಾಂಪೌಂಡಿನೊಳಗೆ, ವಿಕ್ಟೋರಿಯಾ ರಾಣಿಯ ಮಗ ಉಂಡು ಮಲಗಿದ ಒಂದು ಮನೆ ಇದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಇಂದು ಅದಕ್ಕೆ ಹಾಫ್ಕಿನ್ ಇನ್‌ಸ್ಟಿಟ್ಯೂಟ್ ಎಂದು ಹೆಸರು. ಹಿಂದೆ ಅದು ಮುಂಬಯಿ ಪ್ರಾಂತದ ಗವರ್ನರನ ಮನೆಯಾಗಿತ್ತು. ಹಳೆಯ ಮನೆಗಳು ಹೇಗೆ ಹಾಳಾಗುತ್ತವೆ, ಹೇಗೆ ಉಳಿಯುತ್ತವೆ ಎಂಬುದನ್ನು ಈ ಒಂದು ಮನೆಯ ಕಥೆಯಿಂದಲೇ ತಿಳಿಯಬಹುದು ಅಂತ ನನಗೆ ಅನ್ನಿಸುತ್ತದೆ.

ಮೊದಲು ಮನೆಯ ವಂಶಾವಳಿ. ಇದರ ಎಲುಬು ವಿಕ್ಟೋರಿಯಾ ಕಾಲಕ್ಕಿಂತ ಬಹಳ ಹಳೆಯದು. ಪೋರ್ಚುಗೀಸರ ಕಾಲದಲ್ಲಿ ಇಲ್ಲಿ ಕ್ರೈಸ್ತ ಪಾದ್ರಿಗಳ ಮಠವೂ ಪ್ರಾರ್ಥನಾ ಮಂದಿರವೂ ಇದ್ದವು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರು ಅದನ್ನು ಜೆಸೂಟ್ ಪಾದ್ರಿಗಳಿಂದ ಕಸಿದುಕೊಂಡರು. ಮುಂದೆ 1771ರಲ್ಲಿ ಗವರ್ನರನಾದ ವಿಲಿಯಂ ಹಾರ್ನ್‌ಬಿ ಇದನ್ನೇ ತನ್ನ ವಾಸದ ಮನೆ ಮಾಡಿಕೊಂಡ. ಪ್ರಾರ್ಥನೆ ನಡೆಯುತ್ತಿದ್ದ ಭಾಗ ಔತಣದ ಹಜಾರವಾಯಿತು, ಅದರ ಮೇಲಿನ ಅಂತಸ್ತು ನಾಚಘರವಾಯಿತು. 1875ರಲ್ಲಿ ವೇಲ್ಸಿನ ರಾಜಕುಮಾರ, ಮುಂದೆ ಏಳನೆಯ ಎಡ್ವರ್ಡ್ ಆದವನು, ಹಿಂದೂಸ್ಥಾನಕ್ಕೆ ಬಂದಾಗ ಇಳಿದುಕೊಂಡದ್ದು ಇಲ್ಲಿಯೇ. ಮನೆಯ ವೈಭವದ ತುತ್ತತುದಿ ಅದು.

ಅಲ್ಲಿಂದ ಏಳೇ ವರ್ಷ. 1882ರಲ್ಲಿ ಗವರ್ನರ್ ಸರ್ ಜೇಮ್ಸ್ ಫರ್ಗುಸನ್ನನ ಹೆಂಡತಿ ಕಾಲರಾದಿಂದ ತೀರಿಕೊಂಡಳು. ಪರೇಲ್ ತಗ್ಗಿನ ನೆಲ. ಸುತ್ತ ಗಿರಣಿಗಳು ಏಳುತ್ತಿದ್ದವು, ಹೊಗೆ ಕವಿಯುತ್ತಿತ್ತು, ದುಡಿಯುವವರ ಒತ್ತೊತ್ತು ವಸತಿ ಬೆಳೆಯುತ್ತಿತ್ತು. 1885ರ ಹೊತ್ತಿಗೆ ಗವರ್ನರರು ಗಾಳಿ ಒಳ್ಳೆಯದಿರುವ ಮಲಬಾರ್ ಪಾಯಿಂಟಿಗೆ ಹೊರಟುಹೋದರು. ಇಲ್ಲಿ ಒಂದು ಮಾತು ಗಮನಿಸಬೇಕು. ಗಿರಣಿಯಿಂದ ಬಂದ ಸಂಪತ್ತು ಬೇಕು, ಗಿರಣಿಯ ಹೊಗೆ ಬೇಡ ಎಂದವರು ಗುಡ್ಡ ಹತ್ತಿದರು. ಹತ್ತಲಾರದವರು ಪರೇಲಿನಲ್ಲೇ ಉಳಿದರು. ಮನೆಯೂ ಅವರೊಂದಿಗೇ ಉಳಿಯಿತು.

ಒಡೆಯ ಬಿಟ್ಟುಹೋದ ಮನೆಗೆ ಎರಡನೆಯ ಜನ್ಮ ಬಂದದ್ದು ಪ್ಲೇಗಿನಿಂದ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೇಗಸ್ ಅವರು ಈ ಬೇನೆಯನ್ನು ಗುರುತಿಸಿದರು. ಬಿಟ್ಟುಹೋದ ಬಂಗಲೆ ಕೆಲಕಾಲ ಪ್ಲೇಗಿನ ಆಸ್ಪತ್ರೆಯಾಯಿತು. ರಾಜಕುಮಾರನಿಗೆ ಔತಣ ಬಡಿಸಿದ ಮನೆಗೆ ಗಂಟಲಲ್ಲಿ ನೀರಿಳಿಯದ ರೋಗಿಗಳು ಬಂದರು. ಒದೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮರ್ ಹಾಫ್ಕಿನ್ ಆಗ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಚಿಕ್ಕ ಜಾಗದಲ್ಲಿ ಬೆರಳೆಣಿಕೆಯ ಸಹಾಯಕರನ್ನು ಇಟ್ಟುಕೊಂಡು ದುಡಿಯುತ್ತಿದ್ದ. 1897ರ ಜನವರಿ 10ರಂದು ತಾನು ತಯಾರಿಸಿದ ಲಸಿಕೆಯನ್ನು ಮೊದಲು ತನಗೇ ಚುಚ್ಚಿಸಿಕೊಂಡ. ಅವನ ವಿಧಾನ ಸ್ವಾರಸ್ಯವಾದದ್ದು. ಸೀಸೆಯೊಳಗಿನ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಪ್ಲೇಗಿನ ಕ್ರಿಮಿಗಳು ಅದಕ್ಕೆ ಕಚ್ಚಿಕೊಂಡು ಆಲದ ಬಿಳಲಿನಂತೆ ಕೆಳಗಿಳಿದು ಬೆಳೆಯುತ್ತವೆ. ಅಲುಗಿಸಿದರೆ ಉದುರುತ್ತವೆ, ಮತ್ತೆ ಹೊಸ ಬಿಳಲು ಇಳಿಯುತ್ತದೆ. ಆಮೇಲೆ ಕಾಯಿಸಿ ಕ್ರಿಮಿಯನ್ನು ಕೊಂದರೆ ಲಸಿಕೆ. ಇಂಥ ಸೀಸೆಗಳನ್ನು ಸಾಲುಸಾಲಾಗಿ ಇಡಬೇಕಾದರೆ ಜಾಗ ಬೇಕಲ್ಲ! ಕೆಲವು ಕಡೆ ಅಲೆದಾಡಿದ ಪ್ರಯೋಗಶಾಲೆ 1899ರ ಆಗಸ್ಟ್ 10ರಂದು ಪರೇಲಿನ ಈ ದೊಡ್ಡ ಮನೆಗೆ ಬಂದು ನೆಲೆಸಿತು.

ನಾವು ಕನ್ನಡಿಗರು ಈ ಮನೆಯನ್ನು ಪರರದ್ದು ಎನ್ನಲಾಗದ ಕಾರಣ ಇಲ್ಲಿದೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಸೀಮೆಗಳೆಲ್ಲ ಆಗ ಮುಂಬಯಿ ಪ್ರಾಂತದಲ್ಲಿದ್ದವು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಎದ್ದಾಗ ಅಲ್ಲಿಯೂ ಧಾರವಾಡ ಗದಗಗಳಲ್ಲಿಯೂ ಹಾಫ್ಕಿನ್ನನ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದರು. ಮನೆಯಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಜನ, ಸೂಜಿಗೆ ಹೆದರಿದ ಜನ, ಕೊನೆಗೆ ತೋಳು ಚಾಚಿದ ಜನ, ಇವರೆಲ್ಲ ನಮ್ಮ ಮುತ್ತಜ್ಜ ಮುತ್ತಜ್ಜಿಯರೇ. ಅದೇ ವರ್ಷ ಪ್ಲೇಗು ರೈಲು ಹತ್ತಿ ಬೆಂಗಳೂರಿಗೂ ಹೋಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದದ್ದು ಆ ಪೆಟ್ಟಿನಿಂದಲೇ. ಅಲ್ಲಿಯ ಪ್ಲೇಗಮ್ಮನ ಗುಡಿಗಳು ಭಯದ ಸ್ಮಾರಕಗಳಾದರೆ ಪರೇಲಿನ ಈ ಮನೆ ಆ ಭಯಕ್ಕೆ ಕೊಟ್ಟ ಉತ್ತರದ ಸ್ಮಾರಕ.

ಹಾಗಂತ ಈ ಕಥೆಯಲ್ಲಿ ಕಳಂಕವೇ ಇಲ್ಲ ಎಂದಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಸೀಸೆಯ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪು ಪರೇಲಿನಲ್ಲೇ ಆಗಿದೆ ಎಂದು ಹಾಫ್ಕಿನ್ನನ ಮೇಲೆ ಹೊರೆ ಹೊರಿಸಿದರು. ಸೀಸೆ ಕೆಟ್ಟದ್ದು ಅದನ್ನು ಹಳ್ಳಿಯಲ್ಲಿ ತೆರೆದಾಗ ಎಂದು ಸ್ಪಷ್ಟವಾಗಿ, 1907ರಲ್ಲಿ ಅವನು ದೋಷಮುಕ್ತನಾದ. 1925ರಲ್ಲಿ ಸಂಸ್ಥೆಗೆ ಅವನ ಹೆಸರನ್ನೇ ಇಟ್ಟರು. ತಡವಾದ ನ್ಯಾಯವಾದರೂ ನ್ಯಾಯವೇ.

ಇನ್ನು ಮನೆಗಳು ಹಾಳಾಗುವ ಬಗೆ. ಮುಂಬಯಿಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಹಳೆಯ ಬಂಗಲೆಗಳ ಗೋಡೆ ಕಲ್ಲು ಇಟ್ಟಿಗೆಗಳದ್ದು, ಗಾರೆ ಸುಣ್ಣದ್ದು, ತೊಲೆ ಜಂತಿ ಸಾಗುವಾನಿಯವು. ಸುಣ್ಣದ ಗಾರೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಹಿಂದೆ ಮುಂದೆ ನೋಡದೆ ಅದರ ಮೇಲೆ ಸಿಮೆಂಟು ಬಳಿದರೆ ತೇವ ಹೊರಬರುವ ದಾರಿ ಮುಚ್ಚಿ, ಗೋಡೆ ಒಳಗೊಳಗೇ ಕೊಳೆಯುತ್ತದೆ. ಮಾಡಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ ನೀರು ಜಂತಿಯ ತುದಿಗೆ ಇಳಿಯುತ್ತದೆ. ತೇವಗೊಂಡ ಮರಕ್ಕೆ ಗೆದ್ದಲು, ಬಿರುಕಿಗೆ ಕಾಗೆ ತಂದ ಅರಳಿಯ ಬೀಜ. ಬೆರಳುದ್ದದ ಅರಳಿ ಗಿಡವನ್ನು ಈ ವರ್ಷ ಕೀಳದಿದ್ದರೆ ಹತ್ತು ವರ್ಷಕ್ಕೆ ಅದು ಗೋಡೆಯನ್ನೇ ಸೀಳುತ್ತದೆ. ಮನೆ ಬೀಳುವುದು ಸಿಡಿಲಿನಿಂದಲ್ಲ, ಇಂಥ ಚಿಲ್ಲರೆ ಕೆಲಸಗಳನ್ನು ಮುಂದೂಡುವುದರಿಂದ.

ಬಳಕೆಯೂ ಒಂದು ಬಗೆಯ ಸವೆತವೇ. ಹಳೆಯ ಮನೆಯೊಳಗೆ ಕಚೇರಿಯೋ ಪ್ರಯೋಗಶಾಲೆಯೋ ಬಂದರೆ ಹಜಾರಕ್ಕೆ ಅಡ್ಡ ಗೋಡೆ, ಗೋಡೆಗೆ ಕೊಳಾಯಿ, ಕಿಟಕಿಗೆ ಯಂತ್ರ, ಎತ್ತರದ ಮಾಳಿಗೆಗೆ ಸುಳ್ಳು ಮಾಳಿಗೆ ಬರುತ್ತವೆ. ಆದರೂ ಖಾಲಿ ಬಿದ್ದ ಮನೆಗಿಂತ ಬಳಸುವ ಮನೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಬಾಗಿಲು ತೆಗೆಯುವವರಿದ್ದರೆ ಸೋರುವುದು ಕಣ್ಣಿಗೆ ಬೀಳುತ್ತದೆ. ಗವರ್ನರ್ ಹೋದ ಮೇಲೆ ಈ ಬಂಗಲೆಗೆ ಲಸಿಕೆಯ ಕೆಲಸ ಸಿಗದಿದ್ದರೆ ಇದು ಎಂದೋ ಕಲ್ಲಿನ ರಾಶಿಯಾಗುತ್ತಿತ್ತೋ ಏನೋ.

ಬಳಕೆಯೊಂದೇ ಸಾಲದು ಎಂಬುದಕ್ಕೆ ಮುಂಬಯಿಯಲ್ಲೇ ಸಾಕ್ಷಿಯಿದೆ. ಕೋಟೆ ಭಾಗದ ವಾಟ್ಸನ್ ಹೋಟೆಲು 1860ರ ದಶಕದಲ್ಲಿ ಎರಕದ ಕಬ್ಬಿಣದ ಚೌಕಟ್ಟಿನಿಂದ ಕಟ್ಟಿದ್ದು. 1896ರ ಜುಲೈ 7ರಂದು ಈ ದೇಶದ ಮೊದಲ ಸಿನಿಮಾ ಪ್ರದರ್ಶನ ನಡೆದದ್ದು ಅಲ್ಲಿ. ಆಮೇಲೆ ಅದನ್ನು ಚಿಕ್ಕಚಿಕ್ಕ ಕೋಣೆಗಳಾಗಿ ಹಂಚಿ ಬಾಡಿಗೆಗೆ ಕೊಟ್ಟರು. ನೂರು ಮಂದಿಯ ಮನೆ ಯಾರ ಮನೆಯೂ ಆಗದೆ, 2019ರಲ್ಲಿ ಅಪಾಯಕಾರಿ ಎಂದು ಎಲ್ಲರನ್ನೂ ಖಾಲಿ ಮಾಡಿಸಬೇಕಾಯಿತು. ಅದಕ್ಕೆ ಎದುರು ಉದಾಹರಣೆ ಭಾಯಖಳೆಯ ವಸ್ತುಸಂಗ್ರಹಾಲಯ. 1872ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ತೆರೆದು, 1975ರಲ್ಲಿ ಡಾಕ್ಟರ್ ಭಾವು ದಾಜಿ ಲಾಡ್ ಅವರ ಹೆಸರು ಪಡೆದ ಆ ಕಟ್ಟಡವೂ ಕಳೆಗುಂದಿತ್ತು. ನಗರಪಾಲಿಕೆ, ಇಂಟ್ಯಾಕ್ ಸಂಸ್ಥೆ ಮತ್ತು ಜಮನಾಲಾಲ್ ಬಜಾಜ್ ಪ್ರತಿಷ್ಠಾನ ಕೈಗೂಡಿಸಿ ಅದನ್ನು ಸರಿಪಡಿಸಿದವು. 2005ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂತು, 2008ರಲ್ಲಿ ಪೂರ್ಣವಾಗಿ ಮತ್ತೆ ತೆರೆಯಿತು. ಎರಡೂ ಕಟ್ಟಡಗಳು ಒಂದೇ ಕಾಲದವು, ಒಂದೇ ಮಳೆಯಲ್ಲಿ ನೆನೆದವು. ವ್ಯತ್ಯಾಸ ಇಷ್ಟೇ: ಒಂದಕ್ಕೆ ಹೊಣೆ ಹೊರುವವರು ಇದ್ದರು.

ಕಾನೂನು ಇಲ್ಲವೆ ಅಂತ ಕೇಳಬಹುದು. ಇದೆ. 1995ರಲ್ಲೇ ಮುಂಬಯಿಗೆ ಪರಂಪರೆಯ ಕಟ್ಟಡಗಳ ನಿಯಮ ಬಂದು, ಅವುಗಳನ್ನು ದರ್ಜೆವಾರು ಪಟ್ಟಿ ಮಾಡಲಾಯಿತು. ಆದರೆ ಪಟ್ಟಿ ಕೆಡವುವವನ ಕೈ ಹಿಡಿಯಬಲ್ಲದೇ ಹೊರತು ದೋಣಿಯ ಎಲೆ ತೆಗೆಯಲಾರದು. ಅದಕ್ಕೆ ವರ್ಷವರ್ಷದ ದುಡ್ಡು ಬೇಕು, ಸುಣ್ಣದ ಗಾರೆ ಕಲಸಬಲ್ಲ ಮೇಸ್ತ್ರಿ ಬೇಕು, ಮಳೆಗಾಲಕ್ಕೆ ಮುಂಚೆ ಮಾಡಿನ ಮೇಲೆ ಹತ್ತಿ ನೋಡುವ ಒಬ್ಬ ಮನುಷ್ಯ ಬೇಕು.

“ಬ್ರಿಟಿಷರ ಬಂಗಲೆ ಉಳಿದರೆಷ್ಟು, ಬಿದ್ದರೆಷ್ಟು?” ಎನ್ನುವ ಗೆಳೆಯರೂ ನಮ್ಮಲ್ಲಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. 1982ರ ಮುಷ್ಕರದ ನಂತರ ಪರೇಲಿನ ಗಿರಣಿಗಳು ಒಂದೊಂದಾಗಿ ಮುಚ್ಚಿ, ಆ ನೆಲದಲ್ಲಿ ಗೋಪುರದಂಥ ಕಟ್ಟಡಗಳು ಎದ್ದವು. ಕಾರ್ಮಿಕರ ನೆನಪನ್ನು ಯಾರೂ ಕಾಯಲಿಲ್ಲ, ಗವರ್ನರನದನ್ನು ಏಕೆ ಕಾಯಬೇಕು? ಆದರೆ ಈ ಮನೆಯಲ್ಲಿ ಗವರ್ನರರು ಇದ್ದದ್ದು ನೂರು ಚಿಲ್ಲರೆ ವರ್ಷ. ಲಸಿಕೆ, ಸೀರಂ, ಹಾವಿನ ವಿಷದ ಮದ್ದು ಮುಂತಾದ ಕೆಲಸಕ್ಕಾಗಿ ದುಡಿದವರ ಕಾಲ ಅದನ್ನೂ ಮೀರಿದೆ. ಬಿಟ್ಟುಹೋದವನ ಮನೆಯಲ್ಲ ಇದು, ಬಂದು ದುಡಿದವರ ಮನೆ. ಗಿರಣಿಯ ಚಿಮಣಿಯನ್ನೂ ಚಾಳನ್ನೂ ಕಾಯಬೇಕು ಎಂಬ ಮಾತಿಗೂ ಇದರಿಂದಲೇ ಬಲ ಬರುತ್ತದೆ.

ವಿದ್ಯಾರ್ಥಿಗಳಾದ ನಾವು ಗಾರೆ ಕಲಸಲಾರೆವು, ನಿಜ. ಆದರೆ ಎರಡು ಕೆಲಸ ಮಾಡಬಹುದು. ಅರ್ಜಿ ಬರೆದು ಅನುಮತಿ ಪಡೆದು ಒಮ್ಮೆ ಆ ಮನೆಯನ್ನು ನೋಡಬಹುದು. ನೋಡಲು ಬರುವವರಿದ್ದಾರೆ ಎಂದು ತಿಳಿದರೆ ಕಾಯುವವರಿಗೂ ಹುರುಪು. ರಜೆಗೆ ಊರಿಗೆ ಹೋದಾಗ, ಪ್ಲೇಗಿನ ಕಾಲದ ಬಗ್ಗೆ ಮನೆಯಲ್ಲಿ ಉಳಿದುಬಂದ ಮಾತುಗಳನ್ನು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಬಹುದು. ಯಾವ ಹೊಲದಲ್ಲಿ ಗುಡಿಸಲು ಹಾಕಿದರು, ಯಾರು ಸೂಜಿ ಹಾಕಿಸಿಕೊಂಡರು, ಯಾರು ಓಡಿಹೋದರು ಎಂಬುದೆಲ್ಲ ಪರೇಲಿನ ಆ ಸೀಸೆಗಳ ಕಥೆಯ ನಮ್ಮ ಕಡೆಯ ಅರ್ಧ. ಮೇ ತಿಂಗಳ ರಜೆಗೆ ಹೋಗುವವರು ಒಂದು ನೋಟುಬುಕ್ಕು ಇಟ್ಟುಕೊಂಡು ಹೋಗಿರಿ. ಜೂನಿನಲ್ಲಿ ಮಳೆ ಹಿಡಿಯುವ ಹೊತ್ತಿಗೆ ತಂದುಕೊಟ್ಟರೆ ಮುಂದಿನ ಸಂಚಿಕೆಗೆ ಸೇರಿಸೋಣ.