ಬದನೆ ಹೂವಿನ ಮುಂದೆ ಒಂದು ಬೆಳಗು

ಚಾಮರಾಜನಗರದಿಂದ ಬೆಳಗಿನ ಬಸ್ಸು ಹಿಡಿದು, ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಬಂದಿಳಿದೆ. ಬಂಡೀಪುರದ ರಸ್ತೆಯಲ್ಲಿ ನಡೆಯತೊಡಗಿದಾಗ ಗೋಪಾಲಸ್ವಾಮಿ ಬೆಟ್ಟ ಇನ್ನೂ ಮಂಜಿನಲ್ಲಿತ್ತು. ಜುಲೈ ತಿಂಗಳು, ರಸ್ತೆಯ ಆಚೀಚೆ ಸೂರ್ಯಕಾಂತಿ ಅರಳಿದೆ. ಕೇರಳದ ಕಾರುಗಳು ಸಾಲಾಗಿ ನಿಂತಿವೆ, ಹೊಲದ ತುಂಬ ಫೋಟೋ ಸಡಗರ. ನನ್ನನ್ನು ನಿಲ್ಲಿಸಿದ್ದು ಆ ಹೊಲದ ಅಂಚಿನ ಮೂರು ಸಾಲು ಬದನೆ ಗಿಡ.

ಬದನೆಯ ನೇರಳೆ ಹೂವು ತಲೆ ತಗ್ಗಿಸಿಯೇ ಇರುತ್ತದೆ. ಅದರಲ್ಲಿ ಮಕರಂದವಿಲ್ಲ. ಪರಾಗವೆಲ್ಲ ಹಳದಿ ಕೇಸರಗಳ ಒಳಗೆ, ಹೊರಬರಲು ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಪಕ್ಕದ ಸೂರ್ಯಕಾಂತಿಗೆ ಮುತ್ತಿದ್ದ ತುಡುವೆ, ಹೆಜ್ಜೇನುಗಳಿಗೆ ಇದನ್ನು ಅಲುಗಿಸಿ ಉದುರಿಸುವ ವಿದ್ಯೆ ಬಾರದು. ಸ್ವಲ್ಪ ಹೊತ್ತಿಗೆ ಕರಿ ದುಂಬಿ ಬಂತು. ರೆಕ್ಕೆಯಲ್ಲಿ ನೀಲಿ ಹೊಳಪು. ಹೂವಿಗೆ ತಲೆಕೆಳಗಾಗಿ ಜೋತುಬಿದ್ದು, ಕೇಸರಗಳನ್ನು ಕಾಲಲ್ಲಿ ತಬ್ಬಿ, ರೆಕ್ಕೆ ಬಡಿಯದೆ ಎದೆಯನ್ನಷ್ಟೇ ಅದುರಿಸಿತು. ಝುಂಯ್ ಎಂಬ ಮೊನಚು ದನಿ. ಜರಡಿ ಆಡಿಸಿದಂತೆ ಹೊಟ್ಟೆಯ ಮೇಲೆ ಪರಾಗ ಉದುರಿತು.

"ಅದ್ ಬಂದ್ರೆ ಕಾಯಿ ಚೆನ್ನಾಗ್ ಕಚ್ತವೆ ಸಾ," ಎಂದರು ನೀರು ಕಟ್ಟುತ್ತಿದ್ದ ಹೊಲದ ಯಜಮಾನರು.

ಇದರ ನೆಂಟ ಬಂಬಲ್ ಬೀ ನಮ್ಮ ಕಡೆ ಇಲ್ಲ. ಭಾರತದಲ್ಲಿ ಅದು ಹಿಮಾಲಯದ್ದು. ಅದೂ ಹೀಗೆಯೇ ಹೂವನ್ನು ಅದುರಿಸುತ್ತದೆ. ಅದರ ಕಲಿಕೆಯನ್ನು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ಬಹಳ ವರ್ಷಗಳಿಂದ ಪರೀಕ್ಷಿಸುತ್ತಿದ್ದಾರೆ. ಅಲ್ಲಿನ ದುಂಬಿಗಳು ಪುಟ್ಟ ಚೆಂಡನ್ನು ಗುರಿಗೆ ಉರುಳಿಸಿ ಸಕ್ಕರೆ ಪಾನಕ ಗಳಿಸುವುದನ್ನು ಕಲಿತದ್ದು 2017ರಲ್ಲಿ ಪ್ರಕಟವಾಯಿತು. 2024ರ ಪ್ರಯೋಗ ಇನ್ನೂ ಬೆರಗಿನದು. ಪೆಟ್ಟಿಗೆಯ ನೀಲಿ ತಡೆಯನ್ನು ಮೊದಲು ಸರಿಸಬೇಕು, ಆಮೇಲೆ ಕೆಂಪನ್ನು ತಳ್ಳಬೇಕು. ಮೊದಲ ಹೆಜ್ಜೆಗೆ ಏನೂ ಸಿಗದು. ದಿನಗಟ್ಟಲೆ ಬಿಟ್ಟರೂ ಯಾವ ದುಂಬಿಯೂ ತಾನಾಗಿ ಬಿಡಿಸಲಿಲ್ಲ. ಪಳಗಿದ ದುಂಬಿಯ ಜೊತೆ ಬಿಟ್ಟಾಗ 15ರಲ್ಲಿ 5 ಕಲಿತವು. ನೋಡಿ ಕಲಿಯುವುದು ಮನುಷ್ಯರಷ್ಟೇ ಅಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಕಲಿಕೆಗೆ ಕುತ್ತೂ ಇದೆ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕದ ಅಲ್ಪ ಅಂಶವೂ ಜೇನು, ದುಂಬಿಗಳ ಕಲಿಕೆಯನ್ನು, ನೆನಪನ್ನು ಕುಂದಿಸುತ್ತದೆ. ದಾರಿ ಮರೆತ ದುಂಬಿ ಹೊಲಕ್ಕೂ ಇಲ್ಲ, ಗೂಡಿಗೂ ಇಲ್ಲ.

ಯಜಮಾನರು ತೋರಿಸಿದ ಬೇಲಿಯ ಒಣಮರದಲ್ಲಿ ಉಳಿಯಿಂದ ಕೊರೆದಂತೆ ದುಂಡನೆಯ ತೂತಿತ್ತು, ಕೆಳಗೆ ಮರದ ಹುಡಿ. ಕರಿ ದುಂಬಿಯ ಮನೆ ಅದು. ರೈತ ಬಂಧುಗಳಲ್ಲಿ ನನ್ನದೊಂದು ಕೋರಿಕೆ: ಹೂವಿನ ಕಾಲದಲ್ಲಿ ಔಷಧಿ ಹೊಡೆಯುವುದನ್ನು ಆದಷ್ಟು ತಪ್ಪಿಸಿ, ಹೊಡೆಯಲೇಬೇಕಾದರೆ ದುಂಬಿ ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ. ಬೇಲಿಯಲ್ಲಿ ಇಂಥ ಒಣಮರವಿದ್ದರೆ ಸೌದೆಗೆ ಕಡಿಯಬೇಡಿ.