ಹಳೆಯ ಬ್ರೌಸರ್, ಹೊಸ ತೇಪೆ: ನಾವು ನಂಬಿದ್ದು ಮತ್ತು ನಿಜ

2024ರ ಅಕ್ಟೋಬರ್ 8ರಂದು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಸಂಸ್ಥೆಗೆ ಸ್ಲೊವಾಕಿಯಾದ ಭದ್ರತಾ ಕಂಪನಿ ಇಸೆಟ್‌ನಿಂದ ಒಂದು ಎಚ್ಚರಿಕೆ ಬಂತು. ಫೈರ್‌ಫಾಕ್ಸ್‌ನ ಒಂದು ದೋಷವನ್ನು ಬಳಸಿಕೊಂಡು ಯಾರೋ ಆಗಲೇ ಜನರ ಕಂಪ್ಯೂಟರುಗಳಿಗೆ ನುಗ್ಗುತ್ತಿದ್ದರು. ಪುಟದಲ್ಲಿ ಚಿತ್ರಗಳು, ಬಟನ್‌ಗಳು ಅತ್ತಿತ್ತ ಚಲಿಸುವಂತೆ ಮಾಡುವ ಅನಿಮೇಷನ್ ಭಾಗದಲ್ಲಿ ಆ ದೋಷವಿತ್ತು. ಬಳಸಿ ಮುಗಿದು ಬಿಟ್ಟುಕೊಟ್ಟ ಮೆಮೊರಿಯ ಜಾಗವನ್ನು ಬ್ರೌಸರ್ ಮತ್ತೆ ತನ್ನದೇ ಎಂದುಕೊಂಡು ಓದುತ್ತಿತ್ತು. ಆ ಜಾಗದಲ್ಲಿ ದಾಳಿಕೋರ ತನ್ನ ಆಜ್ಞೆಗಳನ್ನು ತುಂಬಿಟ್ಟಿದ್ದರೆ ಬ್ರೌಸರ್ ಅದನ್ನೇ ಪಾಲಿಸುತ್ತಿತ್ತು. ಬಳಕೆದಾರರು ಏನನ್ನೂ ಒತ್ತಬೇಕಿರಲಿಲ್ಲ, ಡೌನ್‌ಲೋಡ್ ಮಾಡಬೇಕಿರಲಿಲ್ಲ. ಪುಟ ತೆರೆದರೆ ಸಾಕಿತ್ತು.

ಸುಮಾರು 25 ಗಂಟೆಗಳಲ್ಲಿ ದುರಸ್ತಿ ಹೊರಬಿತ್ತು. ಒಂದೇ ದುರಸ್ತಿ ಮೂರು ಬೇರೆ ಬೇರೆ ಸಂಖ್ಯೆಗಳಲ್ಲಿ ಬಂತು: 131.0.2, 128.3.1, 115.16.1. ಇವುಗಳಲ್ಲಿ ಮೂರನೆಯದನ್ನು ಸ್ವಲ್ಪ ನಿಂತು ನೋಡಬೇಕು. ಫೈರ್‌ಫಾಕ್ಸ್ 115 ಮೊದಲು ಬಿಡುಗಡೆಯಾದದ್ದು 2023ರ ಜುಲೈನಲ್ಲಿ. ವಿಂಡೋಸ್ 7ರಲ್ಲಿ ಓಡುವ ಕೊನೆಯ ಫೈರ್‌ಫಾಕ್ಸ್ ಅದೇ. 2009ರ ಆಪರೇಟಿಂಗ್ ಸಿಸ್ಟಮ್ ಇರುವ ಕಂಪ್ಯೂಟರಿಗೂ, ಅದರ ಹಳೆಯ ಬ್ರೌಸರಿಗೂ ಹೊಸಬರ ಜೊತೆಜೊತೆಗೇ ದುರಸ್ತಿ ತಲುಪಿತು.

ಬ್ರೌಸರ್ ಹಳೆಯದಾಗಿರುವುದು ಬೇರೆ, ಅದನ್ನು ನೋಡಿಕೊಳ್ಳುವವರು ಇಲ್ಲದಿರುವುದು ಬೇರೆ. ನಮ್ಮ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಹುಟ್ಟುತ್ತವೆ.

ನಂಬಿಕೆ: ಅಪ್‌ಡೇಟ್ ಎಂದರೆ ಹೊಸ ರೂಪ, ಹೊಸ ಬಟನ್. ನನಗೆ ಇರುವುದೇ ಸಾಕು.

ಇದನ್ನು ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಅಭ್ಯಾಸವಾದ ಮೆನು ಒಂದು ಬೆಳಿಗ್ಗೆ ಜಾಗ ಬದಲಿಸಿದ್ದರೆ, ವಯಸ್ಸಾದವರಿಗೆ ಆಗುವ ಕಿರಿಕಿರಿ ಸಣ್ಣದಲ್ಲ. ಆದರೆ ಅಪ್‌ಡೇಟ್‌ಗಳಲ್ಲಿ ಎರಡು ಜಾತಿಗಳಿವೆ. ಒಂದು, ಹೊಸ ಸೌಲಭ್ಯಗಳನ್ನು ಹೊತ್ತು ತರುವ ಪೂರ್ಣ ಆವೃತ್ತಿ. ಇನ್ನೊಂದು, ಸಿಕ್ಕ ದೋಷಗಳನ್ನಷ್ಟೇ ಮುಚ್ಚುವ ಸಣ್ಣ ತೇಪೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಒಡೆದ ಹೆಂಚುಗಳನ್ನಷ್ಟೇ ಬದಲಿಸಿ ಇಳಿಯುತ್ತಾರಲ್ಲ, ಎರಡನೆಯದು ಆ ಬಗೆಯ ಕೆಲಸ. ಮನೆ ಅದೇ, ಕೋಣೆಗಳು ಅವೇ.

ಫೈರ್‌ಫಾಕ್ಸ್‌ನಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಸಾಲು ಇದೆ. ಇಎಸ್‌ಆರ್ ಎಂದು ಕರೆಯುವ ಈ ದೀರ್ಘಾವಧಿ ಬೆಂಬಲದ ಆವೃತ್ತಿ 2012ರಲ್ಲಿ ಫೈರ್‌ಫಾಕ್ಸ್ 10ರೊಂದಿಗೆ ಶುರುವಾಯಿತು. ಕಚೇರಿ, ವಿಶ್ವವಿದ್ಯಾಲಯಗಳಂಥ ಕಡೆ ನೂರಾರು ಕಂಪ್ಯೂಟರುಗಳನ್ನು ನೋಡಿಕೊಳ್ಳುವವರಿಗೆ, ಮತ್ತೆ ಮತ್ತೆ ಬದಲಾಗುವ ಬ್ರೌಸರ್ ತಲೆನೋವು. ಅವರಿಗಾಗಿ ಸುಮಾರು ವರ್ಷಕ್ಕೊಂದು ಆವೃತ್ತಿಯನ್ನು ಹಿಡಿದಿಟ್ಟು, ಅದರ ರೂಪ ಬದಲಿಸದೆ, ಭದ್ರತೆಯ ದುರಸ್ತಿಗಳನ್ನು ಮಾತ್ರ ಸೇರಿಸುತ್ತ ಹೋಗುತ್ತಾರೆ. ಎಂಜಿನಿಯರುಗಳು ಹೊಸ ಆವೃತ್ತಿಯಲ್ಲಿ ತಿದ್ದಿದ ಸಾಲುಗಳನ್ನು ಹಳೆಯ ಕೋಡ್‌ಗೆ ಹೊಂದುವಂತೆ ಮತ್ತೆ ಬರೆದು, ಮತ್ತೆ ಪರೀಕ್ಷಿಸಬೇಕು. ನಡುವೆ ಆ ಭಾಗದ ಕೋಡ್ ಪೂರ್ತಿ ಬದಲಾಗಿದ್ದರೆ ಕೆಲಸ ಇನ್ನೂ ಕಷ್ಟ. ಯಾರ ಕಣ್ಣಿಗೂ ಬೀಳದ, ಯಾರೂ ಹೊಗಳದ ಕೆಲಸ ಇದು. ನಮ್ಮ ಹಳೆಯ ಕಂಪ್ಯೂಟರುಗಳು ಇಂಥವರ ದುಡಿಮೆಯ ಮೇಲೆ ನಿಂತಿವೆ.

ಫೋನುಗಳಲ್ಲೂ ಇದಕ್ಕೆ ಉದಾಹರಣೆ ಇದೆ. 2013ರಲ್ಲಿ ಬಂದ ಐಫೋನ್ 5ಎಸ್‌ಗೆ ಐಓಎಸ್ 12ರಿಂದ ಮುಂದಕ್ಕೆ ದಾರಿಯಿಲ್ಲ. ಆದರೂ 2023ರ ಜನವರಿ 23ರಂದು ಆ್ಯಪಲ್ ಆ ಫೋನಿಗಾಗಿ ಐಓಎಸ್ 12.5.7 ಬಿಡುಗಡೆ ಮಾಡಿತು. ಅದು ಮುಚ್ಚಿದ್ದು, ಸಫಾರಿ ಬ್ರೌಸರಿನ ಒಡಲಾದ ವೆಬ್‌ಕಿಟ್‌ನಲ್ಲಿದ್ದ, ದಾಳಿಗೆ ಬಳಕೆಯಾಗಿದ್ದ ಒಂದು ದೋಷವನ್ನು. ಫೋನಿಗೆ ಹೊಸದೇನೂ ಸಿಗಲಿಲ್ಲ. ಹತ್ತು ವರ್ಷಕ್ಕೆ ಹತ್ತಿರವಾದ ಫೋನ್ ಇನ್ನಷ್ಟು ಕಾಲ ಬಳಕೆಗೆ ಯೋಗ್ಯವಾಗಿ ಉಳಿಯಿತು, ಅಷ್ಟೇ.

ಹಾಗೆಂದು ತೇಪೆಗಳೆಲ್ಲ ಕಳ್ಳರನ್ನು ತಡೆಯಲಿಕ್ಕೇ ಬರುತ್ತವೆ ಎಂದೂ ಅಲ್ಲ. 2018ರ ಫೆಬ್ರುವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರದ ಒಂದು ವಿಶಿಷ್ಟ ಜೋಡಣೆ ಸಂದೇಶದಲ್ಲಿ ಬಂದರೆ ಐಫೋನಿನ ಆ್ಯಪ್‌ಗಳು ತಾವಾಗಿ ಮುಚ್ಚಿಹೋಗುತ್ತಿದ್ದವು. ಒತ್ತಕ್ಷರಗಳ ಲಿಪಿಯನ್ನು ತೆರೆಗೆ ಮೂಡಿಸುವ ಭಾಗದಲ್ಲಿದ್ದ ಆ ದೋಷ ಅದೇ ತಿಂಗಳ 19ರಂದು ಐಓಎಸ್ 11.2.6 ಬಂದಾಗ ಸರಿಹೋಯಿತು. ಒತ್ತಕ್ಷರ ಬರೆಯುವ ನಮಗೆ ಇಂಥ ತೇಪೆಗಳ ಬೆಲೆ ಗೊತ್ತಿರಬೇಕು.

ನಂಬಿಕೆ: ವರ್ಷನ್ ಸಂಖ್ಯೆ ದೊಡ್ಡದಿದ್ದಷ್ಟೂ ಬ್ರೌಸರ್ ಸುರಕ್ಷಿತ.

ಮೇಲಿನ ಘಟನೆಗೇ ಮರಳಿ ನೋಡಿ. ಆ ಅಕ್ಟೋಬರ್ 9ರಂದು 115.16.1 ಹಾಕಿಕೊಂಡಿದ್ದ ಹಳೆಯ ಕಂಪ್ಯೂಟರಿನಲ್ಲಿ ಆ ತೂತು ಮುಚ್ಚಿತ್ತು. ಕೇವಲ ಒಂದು ವಾರದ ಹಿಂದೆ, ಅಕ್ಟೋಬರ್ 1ರಂದು ಬಂದಿದ್ದ ಹೊಚ್ಚ ಹೊಸ 131.0 ಇಟ್ಟುಕೊಂಡು, ಅಪ್‌ಡೇಟ್ ಮುಂದೂಡಿದವರ ಕಂಪ್ಯೂಟರಿನಲ್ಲಿ ತೆರೆದೇ ಇತ್ತು. ಮೊದಲ ಚುಕ್ಕೆಗಿಂತ ಹಿಂದಿನ ದೊಡ್ಡ ಸಂಖ್ಯೆ ಎಷ್ಟೇ ಇರಲಿ, ಅದರ ಮುಂದೆ ಬರುವ ಸಣ್ಣ ಅಂಕಿಗಳಲ್ಲಿ ನಿಮ್ಮ ಸುರಕ್ಷತೆ ಅಡಗಿರುತ್ತದೆ.

ನಂಬಿಕೆ: ನನ್ನ ಹಳೆಯ ಕಂಪ್ಯೂಟರಿನಲ್ಲಿ ಕದಿಯಲು ಏನಿದೆ? ಯಾರು ಬರುತ್ತಾರೆ?

ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಕೆಲವು ದಾಳಿಗಳು ಆಯ್ದ ವ್ಯಕ್ತಿಗಳ ಮೇಲೆ ಗುರಿಯಿಟ್ಟು ನಡೆಯುವುದು ನಿಜ. ಆದರೆ ದೋಷವೊಂದು ಬಹಿರಂಗವಾದ ಮೇಲೆ ನಡೆಯುವ ದಾಳಿಗಳಿಗೆ ಗುರಿ ಬೇಕಿಲ್ಲ, ತೇಪೆ ಹಾಕದ ಯಾವ ಯಂತ್ರವಾದರೂ ಆದೀತು.

ಕ್ರೋಮ್ ಮತ್ತು ಎಡ್ಜ್ ಎರಡಕ್ಕೂ ಆಧಾರವಾದ ಕ್ರೋಮಿಯಂನ ಕೋಡ್ ಎಲ್ಲರಿಗೂ ತೆರೆದಿರುತ್ತದೆ, ಫೈರ್‌ಫಾಕ್ಸ್‌ನದೂ ಹಾಗೆಯೇ. ಎಂಜಿನಿಯರ್ ಒಂದು ದೋಷವನ್ನು ತಿದ್ದಿದ ಕೂಡಲೇ ತಿದ್ದಿದ ಸಾಲುಗಳು ಒಳ್ಳೆಯವರಿಗೂ ಕೆಟ್ಟವರಿಗೂ ಕಾಣುತ್ತವೆ. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಹೋಲಿಸಿದರೆ ದೋಷ ಎಲ್ಲಿತ್ತು ಎಂದು ಪರಿಣತರಿಗೆ ಹೊಳೆಯುತ್ತದೆ. ಆ ಹೊತ್ತಿನಿಂದ ತೇಪೆ ನಮ್ಮ ಕಂಪ್ಯೂಟರ್ ತಲುಪುವವರೆಗಿನ ಅವಧಿಯೇ ದಾಳಿಕೋರರಿಗೆ ಸುಗ್ಗಿ. ಈ ಅಂತರ ತಗ್ಗಿಸಲೆಂದೇ ಗೂಗಲ್ 2023ರ ಆಗಸ್ಟ್‌ನಲ್ಲಿ, ಕ್ರೋಮ್ 116ರಿಂದ, ಭದ್ರತಾ ಅಪ್‌ಡೇಟ್‌ಗಳನ್ನು ವಾರಕ್ಕೊಮ್ಮೆ ಕೊಡಲು ಶುರುಮಾಡಿತು. ‘ಇವರದ್ದು ವಾರವಾರ ಕಾಟ’ ಎಂದು ಗೊಣಗುವವರು ಆ ಅವಸರದ ಕಾರಣವನ್ನು ತಿಳಿಯಬೇಕು.

ತೇಪೆ ನಿಂತುಹೋದ ಬ್ರೌಸರಿಗೆ ಈ ಅಂತರಕ್ಕೆ ಕೊನೆಯೇ ಇಲ್ಲ. ಹೊಸ ಆವೃತ್ತಿಯಲ್ಲಿ ತಿದ್ದಿದ ಎಷ್ಟೋ ದೋಷಗಳು ಹಳೆಯದರಲ್ಲೂ ಇರುತ್ತವೆ. ಅಲ್ಲಿ ತಿದ್ದಿದ್ದೆಲ್ಲ ಇಲ್ಲಿ ಹೇಗೆ ನುಗ್ಗಬಹುದು ಎಂಬುದರ ಸುಳಿವಾಗುತ್ತದೆ. ಇನ್ನು ಕದಿಯಲು ಏನಿದೆ ಎಂಬ ಪ್ರಶ್ನೆ: ಇಮೇಲ್ ಪಾಸ್‌ವರ್ಡ್ ಒಂದು ಸಾಕು, ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್‌ಗಳೆಲ್ಲ ಬರುವುದು ಅಲ್ಲಿಗೇ.

ನಂಬಿಕೆ: ನಾನು ಒಳ್ಳೆಯ ತಾಣಗಳಿಗಷ್ಟೇ ಹೋಗುತ್ತೇನೆ. ಬೀಗದ ಗುರುತನ್ನೂ ನೋಡುತ್ತೇನೆ.

ಬೀಗದ ಗುರುತು ಹೇಳುವುದು ಇಷ್ಟೇ: ನಿಮ್ಮ ಬ್ರೌಸರಿಗೂ ಆ ತಾಣಕ್ಕೂ ನಡುವೆ ಸಾಗುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು. ತಾಣ ನಡೆಸುವವರು ಸಜ್ಜನರೇ ಎಂದು ಅದು ಹೇಳುವುದಿಲ್ಲ. ಮೋಸದ ತಾಣಗಳಿಗೂ ಬೀಗ ಸುಲಭವಾಗಿ ಸಿಗುತ್ತದೆ. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆಂದೇ ಕ್ರೋಮ್ 2023ರ ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರಿನ ವಿಳಾಸ ಪಟ್ಟಿಯಿಂದ ಬೀಗದ ಚಿತ್ರವನ್ನು ತೆಗೆದುಹಾಕಿತು.

ಅದೇ ತಿಂಗಳು ಇನ್ನೊಂದು ಪಾಠವೂ ಸಿಕ್ಕಿತು. ವೆಬ್‌ಪಿ ಎಂಬ ಚಿತ್ರಮಾದರಿಯನ್ನು ಬಿಡಿಸಿ ತೋರಿಸುವ ಕೋಡ್‌ನಲ್ಲಿ ದೋಷ ಸಿಕ್ಕಿತು. ಸರಿಯಾಗಿ ಹೆಣೆದ ಒಂದು ಚಿತ್ರ ತೆರೆಯ ಮೇಲೆ ಮೂಡಿದರೆ ಸಾಕು, ದಾಳಿಗೆ ದಾರಿಯಾಗುತ್ತಿತ್ತು. ಕ್ರೋಮ್‌ಗೆ ಸೆಪ್ಟೆಂಬರ್ 11ರಂದು ದುರಸ್ತಿ ಬಂತು. ಮರುದಿನ ಫೈರ್‌ಫಾಕ್ಸ್‌ಗೂ, ಅದರ ಎರಡು ಹಳೆಯ ದೀರ್ಘಾವಧಿ ಸಾಲುಗಳಿಗೂ ಬಂತು. ನೀವು ಓದುವ ಪತ್ರಿಕೆಯ ತಾಣ ಸಭ್ಯವೇ ಇರಬಹುದು. ಆದರೆ ಅದೇ ಪುಟದ ಜಾಹೀರಾತುಗಳು ಬೇರೆಲ್ಲಿಂದಲೋ ಬರುತ್ತವೆ. ಸಭ್ಯ ತಾಣವನ್ನೇ ಯಾರಾದರೂ ಕೆಡಿಸಿರಲೂಬಹುದು. ಇನ್‌ಕಾಗ್ನಿಟೊ ಕಿಟಕಿ ಇಲ್ಲಿ ಏನೂ ನೆರವಾಗದು. ಅದು ನಿಮ್ಮ ಕಂಪ್ಯೂಟರಿನಲ್ಲಿ ಓದಿನ ಇತಿಹಾಸವನ್ನು ಉಳಿಸುವುದಿಲ್ಲ, ಅಷ್ಟಕ್ಕೇ ಅದರ ಕೆಲಸ ಮುಗಿಯಿತು.

ನಂಬಿಕೆ: ಬ್ರೌಸರ್ ತಾನಾಗಿಯೇ ಅಪ್‌ಡೇಟ್ ಆಗುತ್ತದೆ. ನಾನು ಮಾಡುವುದೇನಿಲ್ಲ.

ಅರ್ಧ ನಿಜ. ಹೊಸ ಕಡತಗಳು ತಾವಾಗಿ ಇಳಿಯುತ್ತವೆ. ಆದರೆ ತೆರೆದಿರುವ ಬ್ರೌಸರ್ ಮೆಮೊರಿಯಲ್ಲಿರುವ ಹಳೆಯ ಕೋಡ್‌ನಲ್ಲೇ ಓಡುತ್ತಿರುತ್ತದೆ. ಅದನ್ನು ಮುಚ್ಚಿ ಮತ್ತೆ ತೆರೆದಾಗ ಮಾತ್ರ ತೇಪೆ ಜಾರಿಗೆ ಬರುತ್ತದೆ. ಲ್ಯಾಪ್‌ಟಾಪಿನ ಮುಚ್ಚಳ ಮಡಚುವುದು, ತೆರೆಯುವುದು, ನಲವತ್ತು ಟ್ಯಾಬ್‌ಗಳನ್ನು ವಾರಗಟ್ಟಲೆ ಹಾಗೇ ಇಟ್ಟುಕೊಳ್ಳುವುದು, ಇದು ರೂಢಿಯಾದವರ ಮನೆಬಾಗಿಲಿಗೆ ಬಂದ ತೇಪೆ ಒಳಗೆ ಬಂದಿರುವುದಿಲ್ಲ. ಕ್ರೋಮ್‌ನ ಮೇಲ್ತುದಿಯಲ್ಲಿ ಕಾಣುವ ಸೂಚನೆಗೆ ಬಣ್ಣಗಳಿವೆ: ಹಸಿರಾದರೆ ತೇಪೆ ಬಂದು ಎರಡು ದಿನದೊಳಗೆ, ಕಿತ್ತಳೆಯಾದರೆ ಸುಮಾರು ನಾಲ್ಕು ದಿನ, ಕೆಂಪಾದರೆ ವಾರವಾದರೂ ಕಳೆದಿದೆ ಎಂದರ್ಥ. ಫೋನಿನಲ್ಲಿ ಆಂಡ್ರಾಯ್ಡ್ ಆದರೆ ಪ್ಲೇ ಸ್ಟೋರ್‌ನಿಂದ ಬ್ರೌಸರ್ ಮತ್ತು ‘ಸಿಸ್ಟಮ್ ವೆಬ್‌ವ್ಯೂ’ ಎರಡನ್ನೂ ಅಪ್‌ಡೇಟ್ ಮಾಡಬೇಕು, ಏಕೆಂದರೆ ಬೇರೆ ಆ್ಯಪ್‌ಗಳ ಒಳಗೆ ತೆರೆಯುವ ಎಷ್ಟೋ ಪುಟಗಳು ಎರಡನೆಯದರ ಬಲದಲ್ಲಿ ಮೂಡುತ್ತವೆ. ನಮ್ಮ ದೇಶದ ಐಫೋನುಗಳಲ್ಲಿ ಕ್ರೋಮ್ ಹಾಕಿಕೊಂಡರೂ ಒಳಗಿರುವುದು ಆ್ಯಪಲ್‌ನ ವೆಬ್‌ಕಿಟ್ಟೇ. ಅದರ ದುರಸ್ತಿ ಐಓಎಸ್ ಅಪ್‌ಡೇಟ್ ಜೊತೆಗೇ ಬರುತ್ತದೆ.

ನಂಬಿಕೆ: ಅಪ್‌ಡೇಟ್ ಆದ ಮೇಲೆ ಬ್ರೌಸರ್ ನಿಧಾನವಾಗುತ್ತದೆ.

ಕೆಲವೊಮ್ಮೆ ಆಗುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. 2018ರ ಜನವರಿಯಲ್ಲಿ ಪ್ರೊಸೆಸರುಗಳಲ್ಲೇ ಇದ್ದ ‘ಸ್ಪೆಕ್ಟರ್’, ‘ಮೆಲ್ಟ್‌ಡೌನ್’ ದೋಷಗಳು ಬಯಲಾದವು. ಅವುಗಳನ್ನು ಬಳಸಿ ಕದಿಯಬೇಕಾದರೆ ಅತಿ ಸೂಕ್ಷ್ಮವಾಗಿ ಕಾಲ ಅಳೆಯಬೇಕಿತ್ತು. ಹಾಗಾಗಿ ಫೈರ್‌ಫಾಕ್ಸ್ 57.0.4 ತನ್ನ ಗಡಿಯಾರದ ಸೂಕ್ಷ್ಮತೆಯನ್ನು ಬೇಕೆಂದೇ 20 ಮೈಕ್ರೊಸೆಕೆಂಡಿಗೆ ಇಳಿಸಿತು, ಒಂದು ಸೌಲಭ್ಯವನ್ನು ಪೂರ್ತಿ ನಿಲ್ಲಿಸಿತು. ಭದ್ರತೆಗಾಗಿ ಸ್ವಲ್ಪ ಬಿಟ್ಟುಕೊಡುವುದು ಸರಿಯಾದ ನಿರ್ಧಾರ. ಇನ್ನು ಹಳೆಯ ಕಂಪ್ಯೂಟರಿನಲ್ಲಿ ನಾವು ಕಾಣುವ ನಿಧಾನಕ್ಕೆ ಬಹುತೇಕ ಕಾರಣ ದಿನೇದಿನೇ ಭಾರವಾಗುತ್ತಿರುವ ವೆಬ್ ಪುಟಗಳು ಮತ್ತು ಕಡಿಮೆ ರ‍್ಯಾಮ್.

ನಂಬಿಕೆ: ಕಂಪನಿ ಕೈಬಿಟ್ಟರೇನು, ಓಡುತ್ತಿದೆಯಲ್ಲ.

ಮೈಕ್ರೊಸಾಫ್ಟ್ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು. ಮೂರು ವಾರವೂ ಕಳೆಯಲಿಲ್ಲ, ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಿಂದ 11ರವರೆಗೆ ಎಲ್ಲದರಲ್ಲೂ ಇದ್ದ ಒಂದು ದೋಷ ದಾಳಿಗೆ ಬಳಕೆಯಾಗುತ್ತಿರುವ ಸುದ್ದಿ ಬಂತು. ಮೇ 1ರಂದು ಕಂಪನಿ ತುರ್ತು ತೇಪೆ ಹೊರಡಿಸಿತು, ಮಾತು ಮೀರಿ ಎಕ್ಸ್‌ಪಿಗೂ ಕೊಟ್ಟಿತು. ಆಪತ್ತು ಬಂದರೆ ಕಂಪನಿ ಹೇಗೂ ಕೈಹಿಡಿಯುತ್ತದೆ ಎಂಬ ಭ್ರಮೆಯನ್ನು ಇಂಥ ಉದಾರತೆ ಬೆಳೆಸುತ್ತದೆ. ಅದು ಅಪವಾದ, ನಿಯಮವಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ತಾನೇ 2022ರ ಜೂನ್ 15ರಂದು ನಿವೃತ್ತಿಯಾಯಿತು. ವಿಂಡೋಸ್ 7ರಲ್ಲಿ ಓಡುವ ಕೊನೆಯ ಕ್ರೋಮ್ 2023ರ ಜನವರಿಯಲ್ಲಿ ಬಂದ 109. ಆ ಕಂಪ್ಯೂಟರುಗಳಿಗೆ ಮುಂದಿನ ಕ್ರೋಮ್ ಬರುವುದಿಲ್ಲ.

ಕೈಬಿಟ್ಟ ತಂತ್ರಾಂಶ ಇದ್ದಹಾಗೆಯೇ ಉಳಿಯುವುದೂ ಇಲ್ಲ. ಫೈರ್‌ಫಾಕ್ಸ್ ತನ್ನ ಆಡ್-ಆನ್‌ಗಳು ಅಸಲಿಯೇ ಎಂದು ತಾಳೆ ನೋಡಲು ಬಳಸುತ್ತಿದ್ದ ಮೂಲ ಪ್ರಮಾಣಪತ್ರದ ಅವಧಿ 2025ರ ಮಾರ್ಚ್ 14ಕ್ಕೆ ಮುಗಿಯುವುದಿತ್ತು. ಅಷ್ಟರೊಳಗೆ 128ಕ್ಕೆ, ಹಳೆಯ ಸಾಲಿನವರು 115.13ಕ್ಕೆ ಏರಿರಬೇಕು, ಇಲ್ಲದಿದ್ದರೆ ಆಡ್-ಆನ್‌ಗಳು ನಿಂತುಹೋಗಬಹುದು ಎಂದು ಮೊಜಿಲ್ಲಾ ಮೊದಲೇ ಎಚ್ಚರಿಸಿತ್ತು. ಇಲ್ಲೂ ನೋಡಿ, ಆರೈಕೆಯಲ್ಲಿದ್ದ ಹಳೆಯ 115ಕ್ಕೆ ದಾರಿಯಿತ್ತು. ತೇಪೆ ಹಾಕದೆ ಬಿಟ್ಟ 127ಕ್ಕೆ ಇರಲಿಲ್ಲ.

ನಮ್ಮ ಊರುಗಳ ಡಿಟಿಪಿ ಕೇಂದ್ರಗಳಲ್ಲಿ ಹಳೆಯ ವಿಂಡೋಸ್ ಇಟ್ಟುಕೊಂಡಿರುವವರಿಗೆ ಗಟ್ಟಿ ಕಾರಣವಿದೆ. ಪೇಜ್‌ಮೇಕರ್, ಹಳೆಯ ನುಡಿ ಫಾಂಟುಗಳು, ವರ್ಷಗಳಿಂದ ಕೂಡಿಟ್ಟ ಕಡತಗಳು, ಇವನ್ನೆಲ್ಲ ಬಿಟ್ಟು ಹೋಗಿ ಎನ್ನುವುದು ಸುಲಭವಲ್ಲ. ಅಂಥವರಿಗೆ ನನ್ನ ಸಲಹೆ ಬೇರೆ: ಆ ಯಂತ್ರವನ್ನು ಅಕ್ಷರ ಜೋಡಣೆಗೇ ಮೀಸಲಿಡಿ, ಇಂಟರ್ನೆಟ್ ಕೆಲಸವನ್ನು ಅಪ್‌ಡೇಟ್ ಬರುವ ಇನ್ನೊಂದು ಯಂತ್ರದಲ್ಲಿ ಮಾಡಿ. ಬ್ರೌಸರಿಗೆ ತೇಪೆ ಬಂದರೂ ಕೆಳಗಿರುವ ವಿಂಡೋಸ್‌ಗೆ ಬರದಿದ್ದರೆ ರಕ್ಷಣೆ ಅರ್ಧವೇ. 2024ರ ಆ ಫೈರ್‌ಫಾಕ್ಸ್ ದಾಳಿಯೂ ಬ್ರೌಸರಿನ ಕಾವಲನ್ನು ದಾಟಿ ಕಂಪ್ಯೂಟರಿಗೆ ಇಳಿಯಲು ವಿಂಡೋಸ್‌ನದೇ ಇನ್ನೊಂದು ದೋಷವನ್ನು ಬಳಸಿತ್ತು. ಅದಕ್ಕೆ ಮೈಕ್ರೊಸಾಫ್ಟ್ ತೇಪೆ ಹಾಕಿದ್ದು ನವೆಂಬರ್ 12ರಂದು. ವಿಂಡೋಸ್ 7ರ ಸಾಮಾನ್ಯ ಬಳಕೆದಾರರಿಗೆ ಮಾಸಿಕ ತೇಪೆಗಳು 2020ರ ಜನವರಿಯಲ್ಲೇ ನಿಂತಿವೆ. ಫೈರ್‌ಫಾಕ್ಸ್ 115ರ ಗಡುವನ್ನು ಮೊಜಿಲ್ಲಾ ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಿತು ನಿಜ, ಆದರೆ ಮುಂದೂಡುವುದಕ್ಕೂ ಒಂದು ಕೊನೆಯಿರುತ್ತದೆ.

ಒಂದು ಎಚ್ಚರಿಕೆ. ವೆಬ್ ಪುಟದ ನಡುವೆ ‘ನಿಮ್ಮ ಬ್ರೌಸರ್ ಹಳತಾಗಿದೆ, ಇಲ್ಲಿ ಒತ್ತಿ’ ಎಂಬ ಪೆಟ್ಟಿಗೆ ಹಾರಿಬಂದರೆ ಒತ್ತಬೇಡಿ. ಅಪ್‌ಡೇಟ್ ಹೆಸರಿನಲ್ಲಿ ಕಳ್ಳ ತಂತ್ರಾಂಶ ತುಂಬುವುದು ಹಳೆಯ ವರಸೆ. ಅಸಲಿ ತೇಪೆ ಬರುವುದು ಬ್ರೌಸರಿನ ಸ್ವಂತ ಮೆನುವಿನಿಂದ. ಮೆನುವಿನಲ್ಲಿ ‘ಹೆಲ್ಪ್’, ಅದರೊಳಗೆ ‘ಅಬೌಟ್’ ತೆರೆಯಿರಿ. ಬ್ರೌಸರ್ ತಾನೇ ಹುಡುಕಿ, ಇಳಿಸಿಕೊಂಡು, ಮರುಪ್ರಾರಂಭ ಕೇಳುತ್ತದೆ. ಈ ಸಾಧನಕ್ಕೆ ಇನ್ನು ಅಪ್‌ಡೇಟ್ ಇಲ್ಲ ಎಂದು ಅಲ್ಲಿ ಬರೆದಿದ್ದರೆ, ಇಂದಿನಿಂದಲೇ ಆ ಬ್ರೌಸರಿನಲ್ಲಿ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್ ಟೈಪ್ ಮಾಡುವುದನ್ನು ನಿಲ್ಲಿಸಿ. ಮನೆಯ ಹಿರಿಯರ ಕಂಪ್ಯೂಟರ್, ಫೋನುಗಳಲ್ಲೂ ಇದನ್ನು ನೀವೇ ಕೂತು ನೋಡಿಕೊಡಿ.